ದ್ವೀಪಕ್ಕೆ ಹೋಗುವ ಅತಿಥಿ, ಹವಳಕ್ಕೆ ಆಗುವ ನೆರವು

ದೀಪಾವಳಿ ರಜೆ, ಬೇಸಿಗೆ ರಜೆ ಹತ್ತಿರ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಿಂದೆ ಪ್ರವಾಸವೆಂದರೆ ಯಡೂರಿನ ವೀರಭದ್ರ, ಪಂಢರಪುರದ ವಿಠ್ಠಲ, ಕೊಲ್ಹಾಪುರದ ಮಹಾಲಕ್ಷ್ಮಿ, ಸವದತ್ತಿಯ ಎಲ್ಲಮ್ಮ. ಈಗ ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರು ಸಮುದ್ರ. ಅದೇನೂ ತೀರ ದೂರವೂ ಅಲ್ಲ. ನಿಪ್ಪಾಣಿಯಿಂದ ಹೊರಟು ಆಜರಾ ದಾಟಿ, ಅಂಬೋಲಿ ಘಾಟ ಇಳಿದರೆ ಸಾವಂತವಾಡಿ. ಅಲ್ಲಿಂದ ಮುಂದೆ ಮಾಲವಣ, ತಾರಕರ್ಲಿ. ಬೆಳಗಿನ ಚಹ ಮನೆಯಲ್ಲಿ ಕುಡಿದು ಹೊರಟವರು ಮಧ್ಯಾಹ್ನದ ಊಟಕ್ಕೆ ಕಡಲ ದಂಡೆಯಲ್ಲಿರುತ್ತಾರೆ. ಕೈಯಲ್ಲಿ ಇನ್ನಷ್ಟು ಹಣವಿದ್ದವರು ಲಕ್ಷದ್ವೀಪ, ಅಂಡಮಾನ್, ಮಾಲ್ದೀವ್ಸ್‌ಗಳ ಲೆಕ್ಕ ಹಾಕುತ್ತಾರೆ.

ಇಂಥ ದ್ವೀಪಗಳ ರಿಸಾರ್ಟ್‌ಗಳು ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಆಕರ್ಷಣೆಯನ್ನು ಮುಂದಿಡುತ್ತಿವೆ. ಬಂದ ಅತಿಥಿ ಉಂಡು, ಮಲಗಿ, ಈಜಿ ಹೋಗುವುದಷ್ಟೇ ಅಲ್ಲ. ಒಂದು ಹವಳದ ಸಸಿ ‘ನೆಡಬಹುದು’, ಕಡಲಾಮೆಯ ಮರಿಯನ್ನು ನೀರಿಗೆ ಬಿಡುವುದನ್ನು ನೋಡಬಹುದು, ದಂಡೆಯ ಕಸ ಆರಿಸಬಹುದು, ಮೀನಿನ ಗಣತಿಯಲ್ಲಿ ಕೈಜೋಡಿಸಬಹುದು. ರಜೆಯ ಸುಖವೂ ಆಯಿತು, ಪುಣ್ಯವೂ ಬಂತು ಎಂಬ ಲೆಕ್ಕ. ಕೇಳಲು ಚೆನ್ನಾಗಿದೆ. ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲೊಂದು ಪ್ರಶ್ನೆ ಕೇಳಲೇಬೇಕು: ನಾಲ್ಕು ದಿನಕ್ಕೆ ಬಂದು ಹೋಗುವ ಅತಿಥಿಯಿಂದ ಸಾವಿರಾರು ವರ್ಷ ಬೆಳೆದ ಹವಳದ ದಿಬ್ಬಕ್ಕೆ ನಿಜವಾಗಿ ಆಗುವ ಉಪಕಾರವೆಷ್ಟು? ಅಪಕಾರವೆಷ್ಟು?

ಹವಳ: ಕಲ್ಲಲ್ಲ, ಗಿಡವಲ್ಲ

ಉತ್ತರ ಹುಡುಕುವ ಮೊದಲು ಹವಳವೆಂದರೇನು ಎಂಬುದು ತಿಳಿದಿರಬೇಕು. ನೋಡಲು ಕಲ್ಲಿನಂತೆ, ಕೊಂಬೆಯೊಡೆದಾಗ ಗಿಡದಂತೆ ಕಂಡರೂ ಹವಳ ಒಂದು ಪ್ರಾಣಿ. ಸರಿಯಾಗಿ ಹೇಳುವುದಾದರೆ ಲಕ್ಷಾಂತರ ಪುಟ್ಟ ಪ್ರಾಣಿಗಳ ವಠಾರ. ಇವುಗಳಿಗೆ ಪಾಲಿಪ್ ಎಂದು ಹೆಸರು. ಒಂದೊಂದು ಪಾಲಿಪ್ ಕೂಡ ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ, ತನ್ನ ಸುತ್ತ ಕ್ಯಾಲ್ಸಿಯಂ ಕಾರ್ಬೊನೇಟಿನ ಬಟ್ಟಲು ಕಟ್ಟಿಕೊಳ್ಳುತ್ತದೆ. ಹಳೆಯದು ಸತ್ತು ಹೊಸದು ಅದರ ಮೇಲೆ ಕಟ್ಟುತ್ತ ಹೋದಂತೆ ದಿಬ್ಬ ಬೆಳೆಯುತ್ತದೆ. ಗುಂಡನೆಯ ಗಟ್ಟಿ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಒಬ್ಬ ಈಜುಗಾರ ಕಾಲೂರಿ ಮುರಿಯುವ ಅರ್ಧ ಅಡಿಯ ಹವಳಕ್ಕೆ ಆ ಹುಡುಗನಷ್ಟೇ ವಯಸ್ಸಾಗಿರುತ್ತದೆ.

ಹವಳಕ್ಕೆ ಬಣ್ಣ ಕೊಡುವುದೂ, ಬಹುಪಾಲು ಊಟ ಕೊಡುವುದೂ ಅದರ ಮೈಯೊಳಗೇ ವಾಸಿಸುವ ಸೂಕ್ಷ್ಮ ಪಾಚಿ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಮನೆಯ ಯಜಮಾನನಿಗೆ ಬಾಡಿಗೆಯಂತೆ ಕೊಡುತ್ತದೆ. ಹವಳ ಅದಕ್ಕೆ ಆಸರೆ ಕೊಡುತ್ತದೆ. ಬೇಸಿಗೆಯ ಅತಿ ಹೆಚ್ಚಿನ ಉಷ್ಣತೆಗಿಂತ ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ನೀರು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ ಈ ಒಡಂಬಡಿಕೆ ಮುರಿಯುತ್ತದೆ. ಹವಳ ಪಾಚಿಯನ್ನು ಹೊರದಬ್ಬುತ್ತದೆ, ಬಣ್ಣ ಕಳೆದುಕೊಂಡು ಸುಣ್ಣ ಬಳಿದಂತೆ ಬಿಳಿಚುತ್ತದೆ. ಬೇಗ ನೀರು ತಣಿದರೆ ಚೇತರಿಕೆಯುಂಟು. ತಣಿಯದಿದ್ದರೆ ಹಸಿವಿನಿಂದ ಸಾವು.

ಜಗತ್ತಿನಾದ್ಯಂತ ಇಂಥ ದೊಡ್ಡ ಬಿಳಿಚುವಿಕೆ 1998ರಲ್ಲಿ, 2010ರಲ್ಲಿ, ಮತ್ತೆ 2014ರಿಂದ 2017ರವರೆಗೆ ಕಾಣಿಸಿತು. ನಾಲ್ಕನೆಯದು ನಡೆಯುತ್ತಿದೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು. ಹವಳ ಸತ್ತರೆ ಹೋಗುವುದು ಚಂದದ ನೋಟವಷ್ಟೇ ಅಲ್ಲ. ಸಮುದ್ರತಳದಲ್ಲಿ ಹವಳದ ದಿಬ್ಬಗಳು ಆವರಿಸಿರುವ ಜಾಗ ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಅವನ್ನು ಆಶ್ರಯಿಸುತ್ತವೆ. ಲಕ್ಷದ್ವೀಪದಂಥ ಕಡೆ ನೆಲವೇ ಹವಳದ್ದು. ದಿಬ್ಬ ಕುಸಿದರೆ ಅಲೆಯನ್ನು ತಡೆಯುವ ಗೋಡೆಯೇ ಕುಸಿದಂತೆ.

ಮಂಗಳೂರಿನ ನಂಟು

ಲಕ್ಷದ್ವೀಪ ಕನ್ನಡಿಗರಿಗೆ ಪೂರ್ತಿ ಪರಕೀಯವಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ಐದು ದ್ವೀಪಗಳ ಗುಂಪು ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಆ ಜನರ ಕಚೇರಿ ವ್ಯವಹಾರ ಮಂಗಳೂರಿನ ಮೂಲಕವೇ. ದ್ವೀಪದ ತೆಂಗಿನ ನಾರು ಹಾಯಿಹಡಗಿನಲ್ಲಿ ಮಂಗಳೂರಿಗೆ ಬಂದು, ಅಕ್ಕಿ ತುಂಬಿಕೊಂಡು ಹಿಂತಿರುಗುತ್ತಿತ್ತು.

ಒಟ್ಟು 36 ದ್ವೀಪಗಳು, ಜನವಸತಿ ಇರುವುದು ಹತ್ತರಲ್ಲಿ, ಎಲ್ಲ ಕೂಡಿಸಿದರೂ ನೆಲ 32 ಚದರ ಕಿಲೋಮೀಟರ್. ಅಥಣಿಯಂಥ ತಾಲ್ಲೂಕಿನ ಕೆಲವೇ ಹಳ್ಳಿಗಳ ಹೊಲಗಳನ್ನು ಕೂಡಿಸಿದರೆ ಅಷ್ಟಾಗುತ್ತದೆ. 1998ರಿಂದ ಇಲ್ಲಿನ ಅಗತ್ತಿ, ಕಡಮತ್, ಕವರತ್ತಿ ದಿಬ್ಬಗಳನ್ನು ವಿಜ್ಞಾನಿಗಳು ಸತತವಾಗಿ ಅಳೆಯುತ್ತ ಬಂದಿದ್ದಾರೆ. 24 ವರ್ಷಗಳ ಆ ಲೆಕ್ಕದ ಸಾರ ಇಷ್ಟು: ಜೀವಂತ ಹವಳ ಹೊದ್ದಿದ್ದ ಜಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಒಂದು ಬಿಸಿ ಹೊಡೆತದಿಂದ ಚೇತರಿಸಿಕೊಳ್ಳುವ ಹೊತ್ತಿಗೆ ಇನ್ನೊಂದು ಹೊಡೆತ ಬೀಳುತ್ತಿದೆ.

ಸಸಿ ನೆಡುವ ಆಟ ಮತ್ತು ಪಾಠ

ಇನ್ನು ಅತಿಥಿಯ ‘ಹವಳ ನೆಡುವ’ ಕೆಲಸಕ್ಕೆ ಬರೋಣ. ಮಾಲ್ದೀವ್ಸ್‌ನ ಕೆಲವು ರಿಸಾರ್ಟ್‌ಗಳಲ್ಲಿ ಕಬ್ಬಿಣದ ಸರಳಿನ ಚೌಕಟ್ಟು ಮಾಡಿ, ಮರಳಿನ ಲೇಪ ಕೊಟ್ಟು, ಅದಕ್ಕೆ ಮುರಿದು ಬಿದ್ದ ಹವಳದ ತುಣುಕುಗಳನ್ನು ಕಟ್ಟುತ್ತಾರೆ. ಅತಿಥಿ ಹಣ ಕೊಟ್ಟು, ತಾನೂ ನಾಲ್ಕು ತುಣುಕು ಕಟ್ಟುತ್ತಾನೆ. ಚೌಕಟ್ಟು ಕಡಲತಳ ಸೇರುತ್ತದೆ. ತಿಂಗಳುಗಳು ಕಳೆದಂತೆ ಅದರ ಬೆಳವಣಿಗೆಯ ಫೋಟೊ ಅವನ ಮನೆಗೆ ಬರುತ್ತದೆ. ಕಬ್ಬಿನ ಗಣಿಕೆ ನಾಟಿ ಮಾಡಿ ಹೊಸ ಕಬ್ಬು ಬೆಳೆಸುವ ರೈತನ ಮಕ್ಕಳಿಗೆ ಇದರ ತತ್ತ್ವ ಬಿಡಿಸಿ ಹೇಳಬೇಕಿಲ್ಲ. ತುಂಡಿನಿಂದ ಇಡೀ ಜೀವ ಬೆಳೆಯುತ್ತದೆ.

ಆದರೆ ಕಬ್ಬಿನ ಹೊಲದ ಎಚ್ಚರಿಕೆಯೂ ಇಲ್ಲಿ ಅನ್ವಯಿಸುತ್ತದೆ. ಒಂದೇ ತಳಿಯ ತುಂಡುಗಳನ್ನು ಎಲ್ಲೆಡೆ ನೆಟ್ಟರೆ ಒಂದೇ ರೋಗ ಎಲ್ಲವನ್ನೂ ತಿನ್ನುತ್ತದೆ. ಬೇಗ ಬೆಳೆಯುವ ಕೊಂಬೆ ಹವಳವೇ ಬಿಸಿಗೆ ಬೇಗ ಸಾಯುವುದೂ ಹೌದು. ನೀರಿನ ಉಷ್ಣತೆ ಏರಿದ ವರ್ಷ ಅತಿಥಿಗಳು ನೆಟ್ಟ ಚೌಕಟ್ಟಿಗೂ ತಾನೇ ಬೆಳೆದ ದಿಬ್ಬಕ್ಕೂ ಭೇದವಿಲ್ಲ. ಎರಡೂ ಬಿಳಿಚುತ್ತವೆ. ಮುಂಗಾರು ಕೈಕೊಟ್ಟ ವರ್ಷ ಎಷ್ಟು ಸಸಿ ನೆಟ್ಟರೇನು ಎಂಬಂತೆ. ಆದ್ದರಿಂದ ನೆಡುವ ಕೆಲಸ ವ್ಯರ್ಥವೆಂದಲ್ಲ. ಅದು ಗಾಯಕ್ಕೆ ಕಟ್ಟುವ ಪಟ್ಟಿ, ರೋಗಕ್ಕೆ ಮದ್ದಲ್ಲ. ಚೌಕಟ್ಟು ಇಳಿಸಿದ ಮೇಲೆ ಅದರ ಪಾಚಿ ತೆಗೆದು, ಸತ್ತ ತುಂಡಿನ ಜಾಗಕ್ಕೆ ಬೇರೆ ಕಟ್ಟಿ, ಲೆಕ್ಕ ಬರೆಯುವ ಮಂದಿ ವರ್ಷವಿಡೀ ಅಲ್ಲಿದ್ದಾರೆಯೇ ಎಂಬುದೇ ಮುಖ್ಯ. ಅತಿಥಿಯ ನಾಲ್ಕು ಗಂಟುಗಳಿಗಿಂತ ಅವನ ಹಣ ಅಂಥವರ ಸಂಬಳಕ್ಕೆ ಹೋಗುವುದು ಹೆಚ್ಚಿನ ಉಪಕಾರ.

ಕಣ್ಣಿನ ಕೆಲಸ, ನಕ್ಷತ್ರದ ಲೆಕ್ಕ

ಅತಿಥಿಯ ಕೈಗಿಂತ ಕಣ್ಣು ಹೆಚ್ಚು ಉಪಯೋಗಿ. ವಿಜ್ಞಾನಿಗಳು ಕೆಲವೇ ಮಂದಿ, ಸಮುದ್ರ ಅಪಾರ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ‘ಕೋರಲ್ ವಾಚ್’ ಎಂಬ ಯೋಜನೆ ಇದಕ್ಕೊಂದು ಸರಳ ಉಪಾಯ ಹುಡುಕಿತು. ಭತ್ತದ ಎಲೆಯ ಹಸಿರನ್ನು ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಯೂರಿಯಾ ಎಷ್ಟು ಹಾಕಬೇಕೆಂದು ನಿರ್ಧರಿಸುವ ಕಾರ್ಡನ್ನು ಕೃಷಿ ಅಧಿಕಾರಿಗಳು ತೋರಿಸುವುದುಂಟಲ್ಲ? ಅಂಥದೇ ಬಣ್ಣದ ಕಾರ್ಡು ಇಲ್ಲಿ ಹವಳಕ್ಕೆ. ಈಜುವವರು ಕಾರ್ಡನ್ನು ಹವಳದ ಪಕ್ಕ ಹಿಡಿದು, ಯಾವ ಬಣ್ಣಕ್ಕೆ ಹೊಂದುತ್ತದೆಂದು ಬರೆದುಕೊಂಡು ಬಂದರೆ ಸಾಕು. ಹವಳವನ್ನು ಮುಟ್ಟಬೇಕಿಲ್ಲ, ಮುರಿಯಬೇಕಿಲ್ಲ. ಬಣ್ಣ ತೆಳುವಾಗುತ್ತ ಹೋದರೆ ಪಾಚಿ ಕಡಿಮೆಯಾಗುತ್ತಿದೆ ಎಂದರ್ಥ.

ಇದಕ್ಕಿಂತಲೂ ಸ್ವಾರಸ್ಯದ ಕಥೆ ತಿಮಿಂಗಿಲ ಶಾರ್ಕಿನದು. ಮೀನುಗಳಲ್ಲೆಲ್ಲ ದೊಡ್ಡದಾದ ಈ ಸಾಧುಪ್ರಾಣಿಯ ಮೈಮೇಲೆ ಬಿಳಿ ಚುಕ್ಕೆಗಳಿವೆ. ಮನುಷ್ಯರ ಬೆರಳಚ್ಚಿನಂತೆ ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ. ಸಾವಿರಾರು ಫೋಟೊಗಳಲ್ಲಿ ಒಂದೇ ಮೀನನ್ನು ಗುರುತಿಸುವುದು ಹೇಗೆ? ಕತ್ತಲ ಆಕಾಶದಲ್ಲಿ ನಕ್ಷತ್ರಗಳ ವಿನ್ಯಾಸ ಹೋಲಿಸಲು ಖಗೋಳ ವಿಜ್ಞಾನಿಗಳು ಬಳಸುತ್ತಿದ್ದ ಗಣಿತವನ್ನೇ ಮೀನಿನ ಚುಕ್ಕೆಗಳಿಗೂ ಹೊಂದಿಸಿ 2005ರಲ್ಲಿ ಸಂಶೋಧಕರು ಪ್ರಕಟಿಸಿದರು. ಮೂರು ಮೂರು ಚುಕ್ಕೆಗಳನ್ನು ಸೇರಿಸಿ ತ್ರಿಕೋನ ಮಾಡಿ, ಆ ತ್ರಿಕೋನಗಳ ಕೋನ ಮತ್ತು ಬಾಹುಗಳನ್ನು ಹೋಲಿಸುವ ವಿಧಾನವದು. ಎಂಟು, ಒಂಬತ್ತನೆಯ ತರಗತಿಯಲ್ಲಿ ‘ಈ ತ್ರಿಕೋನ ಕಲಿತು ಏನಾಗಬೇಕು?’ ಎಂದು ಕೇಳುವ ಹುಡುಗರಿಗೆ ಇಲ್ಲೊಂದು ಉತ್ತರವಿದೆ. ಪ್ರವಾಸಿಗರು ತೆಗೆದ ಫೋಟೊಗಳು ಇಂದು ಈ ಪಟ್ಟಿಗೆ ಸೇರುತ್ತಿವೆ. ಒಂದು ಮೀನು ಯಾವ ದೇಶದಿಂದ ಯಾವ ದೇಶಕ್ಕೆ ಹೋಯಿತೆಂಬುದು ಅವುಗಳಿಂದ ತಿಳಿಯುತ್ತದೆ.

ಅತಿಥಿಯ ಸ್ನಾನದ ನೀರು

ದ್ವೀಪದ ರಿಸಾರ್ಟ್ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಅದರ ಹವಳದ ತೋಟಕ್ಕಿಂತ ಮೊದಲು ಬಚ್ಚಲು ನೋಡಬೇಕು. ಕಾರಣ ಭೌತಶಾಸ್ತ್ರದಲ್ಲಿದೆ. ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರು ಲೀಟರಿಗೆ 1000 ಗ್ರಾಂ ತೂಗಿದರೆ ಸಮುದ್ರದ ನೀರು ಸುಮಾರು 1025 ಗ್ರಾಂ. ಈ ಸಣ್ಣ ವ್ಯತ್ಯಾಸದಿಂದಾಗಿ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ ಎಂಬುದು ಲೆಕ್ಕ. ಇದನ್ನೇ ತಿರುಗಿಸಿ ನೋಡಿ: ಪಂಪು ಹಚ್ಚಿ ನೀರೆಳೆದು ಮೇಲಿನ ಮಟ್ಟ ಒಂದು ಗೇಣು ಇಳಿದರೆ, ಕೆಳಗಿನ ಉಪ್ಪುನೀರು ನಲವತ್ತು ಗೇಣು ಮೇಲೇರಲು ಹವಣಿಸುತ್ತದೆ. ಒಮ್ಮೆ ಬಾವಿಗೆ ಉಪ್ಪು ಬಂದರೆ ದ್ವೀಪದವರಿಗೆ ಕುಡಿಯುವ ನೀರಿಲ್ಲ.

ಕೊಳವೆಬಾವಿ ಬತ್ತಿದ ಬೇಸಿಗೆಗಳನ್ನು ಕಂಡ ಅಥಣಿ ಕಡೆಯವರಿಗೆ ಇದರ ಸಂಕಟ ಬೇಗ ಅರ್ಥವಾಗುತ್ತದೆ. ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರ ಕಟ್ಟಿದ್ದು ಈ ಕಾರಣಕ್ಕೇ. ಸಮುದ್ರದ ಮೇಲ್ಪದರದ ಬೆಚ್ಚನೆಯ ನೀರನ್ನು ಗಾಳಿಯ ಒತ್ತಡ ಕಡಿಮೆಯಿರುವ ಪಾತ್ರೆಗೆ ಬಿಟ್ಟರೆ ಅದರಲ್ಲಿ ಸ್ವಲ್ಪ ಆವಿಯಾಗುತ್ತದೆ. ಆಳದಿಂದ ತಂದ ತಣ್ಣೀರು ಆ ಆವಿಯನ್ನು ತಣಿಸಿ ಸಿಹಿನೀರು ಮಾಡುತ್ತದೆ. ಇಷ್ಟು ಕಷ್ಟಪಟ್ಟು ಪಡೆಯುವ ನೀರಿನಲ್ಲಿ ಅತಿಥಿ ದಿನಕ್ಕೆ ಮೂರು ಸಲ ಸ್ನಾನ ಮಾಡಿ, ದಿನಕ್ಕೊಂದು ಹೊಸ ಟವೆಲ್ ಕೇಳಿ, ಸಂಜೆ ‘ಕಡಲ ಸಂರಕ್ಷಣೆ’ಯಲ್ಲಿ ಪಾಲ್ಗೊಂಡರೆ ಅದು ಯಾವ ಲೆಕ್ಕ? ಬಚ್ಚಲ ನೀರು, ಶೌಚದ ನೀರು ಶುದ್ಧವಾಗದೆ ಮರಳಿನಲ್ಲಿ ಇಂಗಿದರೆ ಅದೂ ಕೊನೆಗೆ ಸೇರುವುದು ಹವಳದ ಬುಡಕ್ಕೆ.

ಚುಂಬೆ ಎಂಬ ಪುಟ್ಟ ದ್ವೀಪ

ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಜಾಂಜಿಬಾರ್ ಬಳಿ ಚುಂಬೆ ಎಂಬ ದ್ವೀಪವಿದೆ. 1990ರ ದಶಕದ ಆರಂಭದಲ್ಲಿ ಒಂದು ಖಾಸಗಿ ಸಂಸ್ಥೆ ಅಲ್ಲಿನ ಹವಳದ ದಿಬ್ಬವನ್ನು ಕಾಯುವ ಕೆಲಸ ಕೈಗೆತ್ತಿಕೊಂಡಿತು. 1994ರಲ್ಲಿ ಸರಕಾರ ಅದನ್ನು ರಕ್ಷಿತ ಪ್ರದೇಶವೆಂದು ಘೋಷಿಸಿತು. ಅಲ್ಲಿ ಅತಿಥಿಗಳಿಗೆ ಇರುವುದು ಏಳೇ ಏಳು ಗುಡಿಸಲು. ಸೂರಿನ ಮೇಲೆ ಬಿದ್ದ ಮಳೆನೀರೇ ಸ್ನಾನಕ್ಕೆ, ಬೆಳಕಿಗೆ ಸೌರಶಕ್ತಿ, ಶೌಚಾಲಯದಲ್ಲಿ ಗೊಬ್ಬರವಾಗುವ ವ್ಯವಸ್ಥೆ. ಕಾವಲುಗಾರರು ಯಾರೆಂದರೆ ಹಿಂದೆ ಅಲ್ಲೇ ಮೀನು ಹಿಡಿಯುತ್ತಿದ್ದ ಬೆಸ್ತರು. ತರಬೇತಿ ಪಡೆದ ಅವರೇ ಅತಿಥಿಗಳಿಗೆ ಹವಳ ತೋರಿಸುತ್ತಾರೆ, ಅವರೇ ಬೇರೆ ದೋಣಿಗಳಿಗೆ ತಿಳಿಹೇಳಿ ಕಳಿಸುತ್ತಾರೆ. ಅತಿಥಿಗಳ ಹಣದಿಂದ ಜಾಂಜಿಬಾರಿನ ಶಾಲಾಮಕ್ಕಳು ದ್ವೀಪಕ್ಕೆ ಬಂದು ಕಡಲಪಾಠ ಕಲಿಯುತ್ತಾರೆ.

ಇಲ್ಲಿ ಅತಿಥಿ ಏನನ್ನೂ ನೆಡುವುದಿಲ್ಲ. ಆದರೂ ಅವನ ರಜೆಯೇ ದಿಬ್ಬವನ್ನು ಕಾಯುತ್ತದೆ. ಅತಿಥಿಯ ನೆರವು ಊರವರ ಕಾವಲಿಗೆ ಆಧಾರವಾದಾಗ ಮಾತ್ರ ಕಡಲಿಗೆ ನಿಜವಾದ ಉಪಯೋಗವೆಂಬುದನ್ನು ಚುಂಬೆ ತೋರಿಸಿಕೊಟ್ಟಿದೆ. ಇದಕ್ಕೂ ಒಂದು ದೌರ್ಬಲ್ಯವಿದೆ: 2020ರ ಕೊರೊನಾ ಕಾಲದಲ್ಲಿ ಪ್ರವಾಸ ನಿಂತಾಗ ಇಂಥ ಕಡೆಗಳಲ್ಲಿ ಕಾವಲಿನ ಹಣದ ಮೂಲವೂ ಬತ್ತಿತು. ಒಂದೇ ಹಸುವಿನ ಹಾಲನ್ನು ನಂಬಿದ ಸಂಸಾರದಂತೆ.

ಹತ್ತಿರದ ದಂಡೆಗಳು

ಇಂಥ ಉದಾಹರಣೆಗೆ ಆಫ್ರಿಕಾಕ್ಕೆ ಹೋಗಬೇಕೆಂದಿಲ್ಲ. ಕೊಲ್ಹಾಪುರ ದಾಟಿ ಕೊಂಕಣಕ್ಕಿಳಿದರೆ ರತ್ನಾಗಿರಿ ಜಿಲ್ಲೆಯ ವೇಳಾಸ ಎಂಬ ಹಳ್ಳಿ. ಚಿಪಳೂಣದ ‘ಸಹ್ಯಾದ್ರಿ ನಿಸರ್ಗ ಮಿತ್ರ’ ಸಂಸ್ಥೆಯವರು 2002ರಲ್ಲಿ ಅಲ್ಲಿಗೆ ಬಂದದ್ದು ಕಡಲ ಹದ್ದುಗಳನ್ನು ಎಣಿಸಲು. ದಂಡೆಯಲ್ಲಿ ಕಂಡದ್ದು ಮೊಟ್ಟೆ ಕದ್ದು ಬರಿದಾದ ಆಲಿವ್ ರಿಡ್ಲಿ ಆಮೆಯ ಗೂಡುಗಳು. ಊರವರನ್ನೇ ಕೂಡಿಸಿಕೊಂಡು ಅವರು ಗೂಡು ಕಾಯಲು ನಿಂತರು. ಮುಂದೆ ಮರಿಗಳು ಕಡಲಿಗಿಳಿಯುವುದನ್ನು ನೋಡಲು ಬರುವವರಿಗಾಗಿ ಆಮೆ ಉತ್ಸವ ಶುರುವಾಯಿತು. ದೊಡ್ಡ ಹೋಟೆಲ್ ಕಟ್ಟಲಿಲ್ಲ. ಅತಿಥಿಗಳು ಹಳ್ಳಿಯವರ ಮನೆಯಲ್ಲೇ ಉಳಿದು, ಅವರು ಬಡಿಸಿದ್ದನ್ನೇ ಉಣ್ಣುತ್ತಾರೆ. ಮೊಟ್ಟೆ ಮಾರಿದರೆ ಒಮ್ಮೆ ಸಿಗುವ ಪುಡಿಗಾಸಿಗಿಂತ ಮರಿ ಬದುಕಿದರೆ ವರ್ಷ ವರ್ಷ ಬರುವ ಆದಾಯ ಹೆಚ್ಚೆಂಬುದು ಊರಿಗೆ ತಿಳಿಯಿತು.

ಕಡಲಾಮೆಯ ಬದುಕೂ ವಿಸ್ಮಯದ್ದು. ಹೆಣ್ಣಾಮೆ ರಾತ್ರಿ ದಂಡೆಗೆ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಸುಮಾರು ಐವತ್ತು ದಿನಕ್ಕೆ ಮರಿಗಳು ಹೊರಬರುತ್ತವೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಮರಳಿನ ಬಿಸಿ. ಹೆಚ್ಚು ಬಿಸಿಯಿದ್ದರೆ ಹೆಣ್ಣು, ತಂಪಿದ್ದರೆ ಗಂಡು. ಹೊರಬಂದ ಮರಿ ಬೆಳಕಿರುವ ದಿಕ್ಕಿಗೆ ತೆವಳುತ್ತದೆ. ಕತ್ತಲ ದಂಡೆಯಲ್ಲಿ ಆ ಬೆಳಕು ಸಮುದ್ರದ್ದು. ರಿಸಾರ್ಟಿನ ದೀಪ ಉರಿಯುತ್ತಿದ್ದರೆ ಮರಿ ದಿಕ್ಕುತಪ್ಪಿ ರಸ್ತೆಗೆ ಹೋಗಿ ಸಾಯುತ್ತದೆ. ಆದ್ದರಿಂದ ಮರಿಯನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಸಂರಕ್ಷಣೆಯಲ್ಲ. ದಂಡೆಯ ಕಡೆಯ ದೀಪ ಆರಿಸಿ ದೂರ ನಿಲ್ಲುವುದು ಸಂರಕ್ಷಣೆ.

ಕರ್ನಾಟಕದ ಕರಾವಳಿಯಲ್ಲೂ ಹೊನ್ನಾವರ, ಕುಂದಾಪುರ ಕಡೆ ಆಮೆಗಳು ಮೊಟ್ಟೆಯಿಡುತ್ತವೆ. 2024ರ ಆರಂಭದಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ದಂಡೆಗಳಲ್ಲಿಯೂ ಗೂಡು ಕಂಡು ಅರಣ್ಯ ಇಲಾಖೆಯವರು ಸ್ಥಳೀಯರ ನೆರವಿನಿಂದ ಕಾಯ್ದರು. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ತೈಕಡಪ್ಪುರದಲ್ಲಿ ‘ನೆಯ್ತಲ್’ ಎಂಬ ಸ್ಥಳೀಯರ ಸಂಘ ಇದೇ ಕೆಲಸ ಮಾಡುತ್ತಿದೆ.

ಹವಳ ನೋಡಬೇಕೆಂದರೆ ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ಇದೆ. ಆಕಾಶದಿಂದ ನೋಡಿದರೆ ಹೃದಯದ ಆಕಾರ. ಮೇಲೆ ಕಡಲ ಹದ್ದು, ಪಾರಿವಾಳ. ನೀರಿನೊಳಗೆ ಹವಳ ಮತ್ತು ಬಣ್ಣದ ಮೀನು. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸುತ್ತಿದ್ದುದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು. ದ್ವೀಪದಲ್ಲಿ ವಸತಿಯಿಲ್ಲ, ಮುರುಡೇಶ್ವರದಲ್ಲಿ ಉಳಿದು, ದೋಣಿಯಲ್ಲಿ ಹೋಗಿ, ಸ್ಕೂಬಾ ಉಡುಪು ಧರಿಸಿ ಮುಳುಗುತ್ತಾರೆ. ಮಳೆಗಾಲದಲ್ಲಿ ಅದು ಬಂದ್. ಅತ್ತ ಮಾಲವಣದ ಸಿಂಧುದುರ್ಗ ಕೋಟೆಯೂ ದ್ವೀಪದ ಮೇಲೆಯೇ ಇದೆ. ಅದರ ಸುತ್ತಲಿನ 29 ಚದರ ಕಿಲೋಮೀಟರ್ ಕಡಲನ್ನು 1987ರಲ್ಲಿಯೇ ಅಭಯಧಾಮವೆಂದು ಘೋಷಿಸಲಾಗಿದೆ.

ಪಾಲಕರು ಕೇಳಬೇಕಾದ ಪ್ರಶ್ನೆಗಳು

ಹಣ ಕಟ್ಟುವ ಮೊದಲು ಪಾಲಕರು ಕೆಲವು ಪ್ರಶ್ನೆ ಕೇಳಲಿ. ಸಂರಕ್ಷಣೆಯ ಕೆಲಸವನ್ನು ವರ್ಷವಿಡೀ ನೋಡಿಕೊಳ್ಳುವವರು ಯಾರು, ಅವರಲ್ಲಿ ಆ ಊರಿನವರು ಎಷ್ಟು ಮಂದಿ? ಕಳೆದ ವರ್ಷ ನೆಟ್ಟ ಹವಳದಲ್ಲಿ ಉಳಿದದ್ದೆಷ್ಟು? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ದೋಣಿ ಲಂಗರು ಹಾಕುವುದು ಹವಳದ ಮೇಲೋ, ಮೊದಲೇ ಕಟ್ಟಿದ ತೇಲುಬುರುಡೆಗೋ? ಕೆಲವು ಕಡೆ ಮೀನು ಹತ್ತಿರ ಬರಲೆಂದು ಬ್ರೆಡ್ಡು ಎರಚುವ ರೂಢಿಯಿದೆ. ಇಲ್ಲಿ ಹಾಗೆ ಮಾಡುತ್ತಾರೆಯೇ? ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕರೆ ಆ ಜಾಗ ಒಳ್ಳೆಯದಿರಬಹುದು. ಬಣ್ಣದ ಚಿತ್ರಗಳೇ ಉತ್ತರವಾಗಿ ಬಂದರೆ ಎಚ್ಚರವಿರಲಿ.

ಮೈಗೆ ಹಚ್ಚುವ ಕ್ರೀಮಿನ ಮೇಲೂ ಗಮನವಿರಬೇಕು. ಬಿಸಿಲು ತಡೆಯುವ ಕೆಲವು ಕ್ರೀಮುಗಳಲ್ಲಿರುವ ಆಕ್ಸಿಬೆನ್ಜೋನ್ ಹವಳದ ಮರಿಗಳಿಗೆ ಹಾನಿಕರವೆಂಬ ಕಾರಣಕ್ಕೆ ಪಲಾವು ದೇಶ 2020ರಿಂದಲೂ ಹವಾಯಿ ರಾಜ್ಯ 2021ರಿಂದಲೂ ಅಂಥವನ್ನು ನಿಷೇಧಿಸಿವೆ. ತೋಳು ಮುಚ್ಚುವ ಅಂಗಿ ತೊಟ್ಟರೆ ಕ್ರೀಮು ಕಡಿಮೆ ಸಾಕು. ನೆನಪಿಗೆಂದು ಹವಳದ ತುಂಡು ತರುವುದಂತೂ ಕೂಡದು. ಹವಳಕ್ಕೆ 2001ರಿಂದ ವನ್ಯಜೀವಿ ಕಾಯಿದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆಯಿದೆ.

ಎಲ್ಲಕ್ಕಿಂತ ಮುಖ್ಯ ಮಕ್ಕಳ ಜೀವ. 2017ರ ಏಪ್ರಿಲ್‌ನಲ್ಲಿ ಮಾಲವಣದ ವಾಯರಿ ದಂಡೆಯಲ್ಲಿ ಬೆಳಗಾವಿಯ ಕಾಲೇಜಿನಿಂದ ಹೋದ ತಂಡದ ಎಂಟು ಮಂದಿ ಮುಳುಗಿ ತೀರಿಕೊಂಡರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಬಲಿಯಾದರು. ಕೃಷ್ಣಾ ನದಿಯಲ್ಲಿ, ಬಾವಿಯಲ್ಲಿ ಈಜಿದ ಮಕ್ಕಳಿಗೂ ಕಡಲು ಹೊಸದೇ. ದಂಡೆಗೆ ಬಂದ ಅಲೆಗಳ ನೀರು ಒಂದು ಕಿರಿದಾದ ದಾರಿ ಹಿಡಿದು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಆ ಸೆಳವಿನ ಮೇಲೆ ಅಲೆ ಕಡಿಮೆ. ಹೀಗಾಗಿ ಶಾಂತವಾಗಿ ಕಾಣುವ ಜಾಗವೇ ಅಪಾಯದ ಜಾಗ. ಸಿಕ್ಕಿಬಿದ್ದರೆ ದಂಡೆಯ ಕಡೆ ಎದುರೀಜು ಹೊಡೆದು ಸೋಲಬಾರದು. ತೇಲುತ್ತ ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬರಬೇಕು. ಜೀವರಕ್ಷಕರಿಲ್ಲದ ಕಡೆ ನೀರಿಗಿಳಿಯುವುದೇ ಬೇಡ. ಕಡಲ ಪಾಠ ಈ ಪಾಠದಿಂದಲೇ ಆರಂಭವಾಗಬೇಕು.

ಹೋಗಲಾಗದವರ ಕಡಲು

ದ್ವೀಪದ ರಜೆ ಎಲ್ಲರ ಕೈಗೆ ಎಟಕುವುದಿಲ್ಲ. ಕಬ್ಬು ಕಡಿಯುವವರ ಮನೆಯ, ತಂಬಾಕಿನ ಕೆಲಸಕ್ಕೆ ಹೋಗುವ ತಾಯಂದಿರ ಮನೆಯ ಮಕ್ಕಳೂ ಇದನ್ನು ಓದುತ್ತಿರಬಹುದು. ಅವರಿಗೆ ಕಡಲಿನ ಸಂಬಂಧವೇ ಇಲ್ಲವೇ? ಇದೆ, ದಿನವೂ ಇದೆ. ವೇದಗಂಗಾ ದೂಧಗಂಗೆಗೆ ಸೇರುತ್ತದೆ, ದೂಧಗಂಗಾ ಕೃಷ್ಣೆಗೆ. ಯಡೂರು, ಮಾಂಜರಿ, ಅಂಕಲಿ, ಉಗಾರ, ಕುಡಚಿಗಳನ್ನು ಸವರಿಕೊಂಡು ಹೋಗುವ ಆ ನೀರು ಆಲಮಟ್ಟಿ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಹುಟ್ಟಿನಿಂದ ಸಂಗಮದವರೆಗೆ ಕೃಷ್ಣೆಯ ಉದ್ದ ಸುಮಾರು 1400 ಕಿಲೋಮೀಟರ್. ಅದೇ ಹಂಸಲದೀವಿಯ ಕರಾವಳಿಯಲ್ಲೂ ಆಲಿವ್ ರಿಡ್ಲಿ ಆಮೆ ಮೊಟ್ಟೆಯಿಡುತ್ತದೆ.

ನದಿಗೆ ಎಸೆದ ಚೀಲಗಳಲ್ಲಿ ಬಹಳಷ್ಟು ಬ್ಯಾರೇಜುಗಳಲ್ಲೋ ಅಣೆಕಟ್ಟಿನಲ್ಲೋ ಸಿಕ್ಕಿಕೊಳ್ಳುತ್ತವೆ ಎನ್ನಿ. ಆದರೆ ಬಿಸಿಲಿಗೆ ಪುಡಿಯಾದ ಪ್ಲಾಸ್ಟಿಕ್ಕಿನ ಕಣ, ಕಬ್ಬಿನ ಹೊಲದಿಂದ ಹರಿದ ಯೂರಿಯಾದ ಸಾರಜನಕ ಯಾವ ಬಾಗಿಲಿಗೂ ನಿಲ್ಲುವುದಿಲ್ಲ. ಬೆಳೆ ಹೀರಲಾರದಷ್ಟು ಗೊಬ್ಬರ ಹಾಕಿದರೆ ಹೋಗುವುದು ರೈತನ ಹಣ. ಅದು ಕಡಲು ಸೇರಿದರೆ ಪಾಚಿ ಅತಿಯಾಗಿ ಬೆಳೆದು ಕೊಳೆತು ಮೀನಿಗೆ ಆಮ್ಲಜನಕ ಇಲ್ಲದಂತಾಗುತ್ತದೆ. ನದಿದಂಡೆಯ ಒಂದು ಶಾಲೆ ಪ್ರತಿ ಅಮಾವಾಸ್ಯೆಯ ಮರುದಿನ ಘಾಟಿನಲ್ಲಿ ಬಿದ್ದ ಪ್ಲಾಸ್ಟಿಕ್ ಆರಿಸಿ, ತಕ್ಕಡಿಯಲ್ಲಿ ತೂಗಿ, ಒಂದು ವರ್ಷ ಲೆಕ್ಕವಿಟ್ಟರೆ ಗ್ರಾಮ ಪಂಚಾಯತಿಯ ಮುಂದಿಡಲು ಅಂಕಿ ಸಿಗುತ್ತದೆ. ಸಾವಿರಾರು ರೂಪಾಯಿ ತೆತ್ತು ದ್ವೀಪದಲ್ಲಿ ಕಸ ಆರಿಸುವ ಅತಿಥಿಗಿಂತ ಈ ಮಕ್ಕಳ ಕೆಲಸ ಕಡಿಮೆಯದಲ್ಲ, ಏಕೆಂದರೆ ಇವರು ಮರುತಿಂಗಳೂ ಅಲ್ಲೇ ಇರುತ್ತಾರೆ.

ಮಾಡಿ ನೋಡಿ

ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಒಂದು ಲೋಟ ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿನೀರನ್ನಷ್ಟೇ ಗಾಜಿನ ಲೋಟಕ್ಕೆ ಬಸಿದು, ಅಷ್ಟೇ ನೀರು ಬೆರೆಸಿ. ಊದುಕೊಳವೆಯಿಂದ ಅದರೊಳಗೆ ಮೆಲ್ಲಗೆ ಊದಿ. ಹೀರಬಾರದು, ನೀರು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಚಿಕ್ಕವರು ಹಿರಿಯರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಲಿ. ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ನೀರು ಹಾಲಿನಂತಾಗುತ್ತದೆ. ಆ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಹವಳ ತನ್ನ ಮನೆ ಕಟ್ಟುವ ವಸ್ತು.

ಹೆಚ್ಚಿನವರು ಪ್ರಯೋಗವನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ತಾಳ್ಮೆಯಿಂದ ಊದುತ್ತಲೇ ಇರಿ. ನಡುನಡುವೆ ಸುಧಾರಿಸಿಕೊಂಡು ಬಹಳ ಹೊತ್ತು ಊದಿದ ಮೇಲೆ ಹಾಲಿನ ಬಿಳುಪು ಕರಗುತ್ತ ನೀರು ಮತ್ತೆ ತಿಳಿಯಾಗತೊಡಗುತ್ತದೆ. ಅನಿಲ ಹೆಚ್ಚಾದಾಗ ಕಾರ್ಬೊನೇಟ್ ಬೈಕಾರ್ಬೊನೇಟಾಗಿ ನೀರಿನಲ್ಲಿ ಕರಗಿಹೋಗುತ್ತದೆ. ಮನುಷ್ಯರು ಸುಡುವ ಕಲ್ಲಿದ್ದಲು, ಪೆಟ್ರೋಲುಗಳ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಮುದ್ರ ಹೀರಿಕೊಳ್ಳುತ್ತಿದೆ. ಅದರ ಪಿಎಚ್ ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದದ್ದು ಈಗ 8.1ರ ಹತ್ತಿರ. ಸಮುದ್ರ ಇನ್ನೂ ಕ್ಷಾರವೇ, ಹುಳಿಯಾಗಿಲ್ಲ. ಆದರೆ ಹವಳಕ್ಕೆ ಮನೆ ಕಟ್ಟುವುದು ಮೊದಲಿಗಿಂತ ಕಷ್ಟವಾಗಿದೆ. ಎಷ್ಟು ನಿಮಿಷ ಊದಿದಾಗ ನೀರು ಹಾಲಾಯಿತು, ಎಷ್ಟು ನಿಮಿಷಕ್ಕೆ ತಿಳಿಯಾಯಿತು ಎಂಬುದನ್ನು ಬರೆದಿಟ್ಟುಕೊಂಡು ತರಗತಿಯಲ್ಲಿ ಗುರುಗಳಿಗೆ ತೋರಿಸಿ.